ಕ್ಯಾಸೆಟ್ಟಿನ ಮೇಲೆ ಬರೆಯದ ಹೆಸರುಗಳು

1995ನೇ ಇಸವಿ ಇರಬೇಕು. ಬೆಂಗಳೂರಿನ ಹಾಸ್ಟೆಲಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರಾಗಿದ್ದ ಅಕ್ಕ ಒಬ್ಬರು ಕೋರ್ಸು ಮುಗಿಸಿ ರೂಮು ಖಾಲಿ ಮಾಡುವ ದಿನ ನನ್ನ ಕೈಗೆ 90 ನಿಮಿಷದ ಒಂದು ಕ್ಯಾಸೆಟ್ ಇಟ್ಟರು. ಅಮೆರಿಕದಲ್ಲಿದ್ದ ಅವರ ಅಣ್ಣ ರೆಕಾರ್ಡ್ ಮಾಡಿ ಕಳಿಸಿದ್ದು. ‘ಎರಡನೇ ಬದಿ ಮೊದಲು ಕೇಳು ಕಣೇ’ ಅಂದರು, ಅಷ್ಟೇ. ಒಳಗಿನ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಎರಡೇ ಪದ: ಒಂದು ಬದಿಗೆ ಪಿಕ್ಸೀಸ್, ಇನ್ನೊಂದು ಬದಿಗೆ ಬ್ರೀಡರ್ಸ್. ಹಾಡುಗಳ ಪಟ್ಟಿ ಇಲ್ಲ, ಹಾಡಿದವರ ಹೆಸರಿಲ್ಲ.

ಎರಡನೇ ಬದಿಯಲ್ಲಿ ಒಂದು ಹಾಡಿತ್ತು. ಮೊದಲು ಮೈಕು ಪರೀಕ್ಷೆ ಮಾಡುವಂಥ ಬಿರುಕು ದನಿ, ಅದರ ಹಿಂದೆ ಟಕಟಕ ಎನ್ನುವ ಕಡ್ಡಿ, ಆಮೇಲೆ ಬೇಸ್ ಗಿಟಾರಿನ ಒಂದು ಜಾರು. ಕೊನೆಗೆ ಗಿಟಾರುಗಳೆಲ್ಲ ಒಟ್ಟಿಗೆ ಧುಮುಕುತ್ತವೆ. ಆ ಜಾರಿನ ಜಾಗಕ್ಕೆ ಎಷ್ಟು ಸಲ ಹಿಂದೆ ತಿರುಗಿಸಿದೆನೆಂದರೆ ಟೇಪು ಅಲ್ಲಿಯೇ ಸವೆಯಿತು. ಎರಡೂ ಬದಿಗಳಲ್ಲಿ ಕೇಳುವ ಒಂದು ಹೆಣ್ಣು ದನಿ ಒಬ್ಬಳದೇ ಎಂದು ಗೊತ್ತಾಗಲು ನನಗೆ ವರ್ಷಗಳು ಬೇಕಾದವು. ಅವರು ಕಿಮ್ ಡೀಲ್. ಪಿಕ್ಸೀಸ್ ತಂಡದಲ್ಲಿ ಬೇಸ್ ನುಡಿಸುತ್ತಿದ್ದವರು, ಬ್ರೀಡರ್ಸ್ ತಂಡ ಕಟ್ಟಿ 1993ರಲ್ಲಿ ‘ಲಾಸ್ಟ್ ಸ್ಪ್ಲಾಶ್’ ತಂದವರು. ನಾನು ಸವೆಸಿದ ಆ ಬೇಸಿನ ಜಾರು ಜೋಸೆಫೀನ್ ವಿಗ್ಸ್ ಅವರದು. ಗಿಟಾರು ಕಿಮ್‌ನ ಅವಳಿ ತಂಗಿ ಕೆಲ್ಲಿಯದು. ತಂಡಕ್ಕೆ ಬಂದ ಮೇಲೆಯೇ ಅವರು ಆ ವಾದ್ಯ ಕಲಿತರು. ನನ್ನ ಪ್ರಾಯದ ಅಷ್ಟು ಸಂಜೆಗಳನ್ನು ತುಂಬಿದವರ ಹೆಸರು ನನಗೆ ಗೊತ್ತೇ ಇರಲಿಲ್ಲ.

ಇಂಡಿ ರಾಕ್ ಕೇಳುತ್ತ ಬಂದ ಈ ಮೂವತ್ತು ವರ್ಷಗಳಲ್ಲಿ ಆ ಕಾಗದ ಮತ್ತೆ ಮತ್ತೆ ನೆನಪಾಗಿದೆ. ಈ ಸಂಗೀತದಲ್ಲಿ ಹೆಂಗಸರು ಕಡಿಮೆ ಎಂದು ಬಹಳ ಜನ ನಂಬಿದ್ದಾರೆ. ಮೊದಲಿನಿಂದಲೂ ಅವರಿದ್ದರು, ತುಂಬ ಇದ್ದರು. ಹಾಗಾದರೆ ಹೆಸರು ಕಳೆದದ್ದು ಎಲ್ಲಿ? ಕಳೆದ ಹೆಸರು ಮರಳಿ ಸಿಕ್ಕಿದ್ದು ಹೇಗೆ? ನನಗೆ ಪ್ರಿಯರಾದ ಕೆಲವರನ್ನು ಓದುಗರ ಕೈಗೆ ಕೊಡುತ್ತ ಈ ಎರಡು ಪ್ರಶ್ನೆಗಳನ್ನು ನೋಡಬೇಕೆಂದಿದ್ದೇನೆ.

ಹೆಸರು ಕಳೆಯುವ ಮೂರು ದಾರಿ

ಇಂಡಿ ಎನ್ನುವುದು ಮೊದಲಿಗೆ ಒಂದು ಶೈಲಿಯ ಹೆಸರಾಗಿರಲಿಲ್ಲ, ವ್ಯವಹಾರದ ಹೆಸರಾಗಿತ್ತು. ದೊಡ್ಡ ಕಂಪನಿಗಳ ಬಾಗಿಲು ಕಾಯದೆ ತಾವೇ ದುಡ್ಡು ಹಾಕಿ ಡಿಸ್ಕ್ ಅಚ್ಚು ಹಾಕಿಸಿ ಮಾರುವುದು. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ 1977ರ ಜನವರಿಯಲ್ಲಿ ಹಾಗೆ ಮಾಡಿ ತೋರಿಸಿತು. 1976ರಲ್ಲಿ ಲಂಡನ್ನಿನಲ್ಲಿ ಅಂಗಡಿಯಾಗಿ ಶುರುವಾದ ರಫ್ ಟ್ರೇಡ್ 1978ಕ್ಕೆ ರೆಕಾರ್ಡ್ ಕಂಪನಿಯೂ ಆಯಿತು. 1980ರಲ್ಲಿ ಬ್ರಿಟನ್ನಿನಲ್ಲಿ ಇಂಡಿ ಡಿಸ್ಕುಗಳಿಗೇ ಪ್ರತ್ಯೇಕ ಮಾರಾಟಪಟ್ಟಿ ಬಂತು. ವಾದ್ಯ ಪೂರ್ತಿ ಕಲಿಯುವ ಮೊದಲೇ ವೇದಿಕೆ ಹತ್ತಬಹುದು ಎಂಬ ಪಂಕ್ ಕಾಲದ ಧೈರ್ಯವೂ ಇದಕ್ಕೆ ಸೇರಿದಾಗ, ಅಲ್ಲಿಯವರೆಗೆ ರಾಕ್ ಸಂಗೀತದ ಹೊರಗಿದ್ದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು.

ಬಾಗಿಲು ತೆರೆದ ವ್ಯವಸ್ಥೆಯೇ ಹೆಸರು ಉಳಿಸಿಕೊಳ್ಳಲು ಸೋತಿತು. ಸಣ್ಣ ಕಂಪನಿ ಅಚ್ಚು ಹಾಕುತ್ತಿದ್ದುದು ಸಾವಿರ, ಎರಡು ಸಾವಿರ ಪ್ರತಿ. ಅವು ಖರ್ಚಾದರೆ ಮರುಮುದ್ರಣಕ್ಕೆ ದುಡ್ಡಿರುತ್ತಿರಲಿಲ್ಲ. 1991ರಲ್ಲಿ ರಫ್ ಟ್ರೇಡಿನ ವಿತರಣಾ ವಿಭಾಗ ಕುಸಿದು ಬಿದ್ದಾಗ ಅದನ್ನು ನೆಚ್ಚಿಕೊಂಡಿದ್ದ ಸಣ್ಣಪುಟ್ಟವರೆಲ್ಲ ಒದ್ದಾಡಿದರು. ಅಂಗಡಿಯಲ್ಲಿ ಸಿಗದ ಹಾಡು ಹತ್ತು ವರ್ಷದಲ್ಲಿ ಚರಿತ್ರೆಯಿಂದಲೂ ಜಾರುತ್ತದೆ. ಇದು ಗಂಡಸರ ತಂಡಗಳಿಗೂ ಆದ ನಷ್ಟ. ಆದರೆ ಅವರ ಹೆಸರನ್ನು ಪತ್ರಿಕೆಗಳು, ಶ್ರೇಷ್ಠ ನೂರರ ಪಟ್ಟಿಗಳು ನೆನಪಿನಲ್ಲಿ ಇಟ್ಟುಕೊಂಡವು.

ಎರಡನೆಯ ದಾರಿ ಹಾಡಿನ ಹಕ್ಕಿನದು. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಹಾಡು ಬರೆದವರೆಂದು ಕಾಗದದ ಮೇಲೆ ಯಾರ ಹೆಸರಿದೆಯೋ ಅವರಿಗೆ ಗೌರವಧನ ಬರುತ್ತಲೇ ಇರುತ್ತದೆ, ವಿಮರ್ಶೆಯೂ ಅವರನ್ನೇ ಹಿಂಬಾಲಿಸುತ್ತದೆ. ಡ್ರಮ್ಮು, ಬೇಸು, ವಯೊಲಿನ್ ನುಡಿಸಿದವರು ಹಾಡಿನ ನಡಿಗೆಯನ್ನೇ ಕಟ್ಟಿಕೊಟ್ಟಿದ್ದರೂ ಬರೆದವರ ಸಾಲಿಗೆ ಸೇರುವುದಿಲ್ಲ. ಇಂಡಿ ತಂಡಗಳಲ್ಲಿ ಹೆಂಗಸರು ಹೆಚ್ಚಾಗಿ ಕೂತದ್ದು ಈ ಜಾಗಗಳಲ್ಲೇ.

ಮೂರನೆಯದು ಹಣೆಪಟ್ಟಿ. ನಾಲ್ಕು ಹುಡುಗರು ಸೇರಿದರೆ ಅದು ಬರೀ ಬ್ಯಾಂಡ್, ನಾಲ್ಕು ಹುಡುಗಿಯರು ಸೇರಿದರೆ ‘ಗರ್ಲ್ ಬ್ಯಾಂಡ್’. ಹಣೆಪಟ್ಟಿ ಒಮ್ಮೆ ಅಂಟಿದರೆ ಅವರನ್ನು ಹೋಲಿಸುವುದು ಬೇರೆ ಹುಡುಗಿಯರ ಜೊತೆಗೆ ಮಾತ್ರ, ಪತ್ರಿಕೆಯಲ್ಲಿ ಸಿಗುವುದೂ ಒಂದೇ ಖಾನೆ. ಒಬ್ಬಳು ಒಳಗೆ ಬಂದರೆ ಇನ್ನೊಬ್ಬಳು ಹೊರಗೆ.

ಲಂಡನ್, ಕಾರ್ಡಿಫ್, ಬ್ರಾಂಕ್ಸ್

ಹೆಸರು ಕಳೆಯುವ ಈ ಮಾತಿಗೆ ರೇನ್‌ಕೋಟ್ಸ್ ತಂಡಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಬಂದ ಆನಾ ಡ ಸಿಲ್ವಾ, ಇಂಗ್ಲೆಂಡಿನ ಜೀನಾ ಬರ್ಚ್ ಇಬ್ಬರೂ ಲಂಡನ್ನಿನ ಹಾರ್ನ್‌ಸಿ ಕಲಾಶಾಲೆಯ ವಿದ್ಯಾರ್ಥಿಗಳು. 1977ರಲ್ಲಿ ತಂಡ ಕಟ್ಟಿದರು. 1979ರ ಮೊದಲ ಆಲ್ಬಮ್ಮಿಗೆ ವಯೊಲಿನ್ ನುಡಿಸಿದವರು ವಿಕಿ ಆಸ್ಪಿನಾಲ್, ಡ್ರಮ್ ಬಾರಿಸಿದವರು ಸ್ಲಿಟ್ಸ್ ತಂಡದಿಂದ ಬಂದ ಪಾಮಾಲಿವ್.

ನಮ್ಮ ಕಚೇರಿಗಳಲ್ಲಿ ಪಿಟೀಲು ಹಾಡುಗಾರರ ಬೆನ್ನಿಗೆ ನಡೆಯುವುದನ್ನು ಕೇಳಿ ಬೆಳೆದವಳು ನಾನು. ಮೊದಲ ಸಲ ರೇನ್‌ಕೋಟ್ಸ್ ಕೇಳಿದಾಗ ಆ ಪಿಟೀಲು ಹಾಡಿನ ಜೊತೆ ಜಗಳಕ್ಕೆ ನಿಂತಿತ್ತು. ಗಿಟಾರು ಒಂದು ಕಡೆ ಎಳೆದರೆ ಅದು ಇನ್ನೊಂದು ಕಡೆ. ಡ್ರಮ್ಮು ಮುಗ್ಗರಿಸಿದಂತೆ ಮಾಡಿ ಎದ್ದು ಓಡುತ್ತದೆ. ನಾಲ್ವರೂ ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುತ್ತಾರೆ, ಆದರೆ ಯಾರ ಮಾತೂ ಮುಳುಗುವುದಿಲ್ಲ. ಮದುವೆಮನೆಯ ಕೋಣೆಯಲ್ಲಿ ಅಕ್ಕತಂಗಿಯರು ಸೇರಿದಾಗ ಏಳುವ ಗದ್ದಲ ಕೇಳಿದವರಿಗೆ ಈ ಸಂಗೀತದ ಕಟ್ಟು ಕೂಡಲೇ ಅರ್ಥವಾದೀತು. ಇದನ್ನು ‘ನುಡಿಸಲು ಬಾರದವರ ಸಂಗೀತ’ ಎಂದು ಜರೆದವರಿದ್ದರು. ಎಲ್ಲರೂ ಒಬ್ಬ ನಾಯಕನ ಹಿಂದೆ ಸಾಲಾಗಿ ನಡೆಯುವುದೇ ಕೌಶಲ ಎಂದುಕೊಂಡ ಕಿವಿಗೆ ಹಾಗೆಯೇ ಕೇಳಿಸುತ್ತದೆ.

ತಂಡ ಚದುರಿತು, ಡಿಸ್ಕು ಸಿಗದಾಯಿತು. 1992ರಲ್ಲಿ ನಿರ್ವಾಣ ತಂಡದ ಕರ್ಟ್ ಕೋಬೇನ್ ತಾನು ಸವೆಸಿದ್ದ ಆ ಮೊದಲ ಆಲ್ಬಮ್ಮಿನ ಹೊಸ ಪ್ರತಿ ಹುಡುಕುತ್ತ ಲಂಡನ್ನಿನ ರಫ್ ಟ್ರೇಡ್ ಅಂಗಡಿಗೆ ಹೋದರು. ಪ್ರತಿ ಇರಲಿಲ್ಲ. ಅಂಗಡಿಯವರು ಆನಾ ಹತ್ತಿರದಲ್ಲೇ, ಸಂಬಂಧಿಕರ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ದಾರಿ ತೋರಿಸಿದರು. ಕೋಬೇನ್ ಅಲ್ಲಿಗೇ ಹೋಗಿ ಮಾತಾಡಿದರು. ಕೆಲವು ವಾರಗಳ ನಂತರ ಆನಾ ಕಳಿಸಿದ ಪ್ರತಿ ಅವರ ಮನೆ ತಲುಪಿತು. ಆ ವರ್ಷದ ಕೊನೆಗೆ ಬಂದ ನಿರ್ವಾಣದ ಸಂಕಲನದ ಒಳಪುಟದಲ್ಲಿ ಕೋಬೇನ್ ಈ ಪ್ರಸಂಗ ಬರೆದರು. 1993ರಲ್ಲಿ ರೇನ್‌ಕೋಟ್ಸ್ ಆಲ್ಬಮ್ಮುಗಳು ಮತ್ತೆ ಅಚ್ಚಾದವು. 1994ರಲ್ಲಿ ನಿರ್ವಾಣದ ಜೊತೆ ಅವರ ಬ್ರಿಟನ್ ಪ್ರವಾಸವೂ ನಿಗದಿಯಾಗಿತ್ತು, ಅಷ್ಟರಲ್ಲಿ ಏಪ್ರಿಲಿನಲ್ಲಿ ಕೋಬೇನ್ ತೀರಿಕೊಂಡರು.

ಈ ಕಥೆ ನನಗೆ ಇಷ್ಟ, ಜೊತೆಗೆ ಕಸಿವಿಸಿಯೂ ಹೌದು. ಕೋಬೇನ್ ಮಾಡಿದ್ದು ಪ್ರೀತಿಯ ಕೆಲಸ. ಆದರೆ ಜಗತ್ತಿನ ಅತಿ ಪ್ರಸಿದ್ಧ ಗಾಯಕನೊಬ್ಬ ಅಂಗಡಿಗೆ ನಡೆದು ಹೋಗದಿದ್ದರೆ? ಅಂಥ ಭಾಗ್ಯ ಕಾಣದ ರೇನ್‌ಕೋಟ್ಸ್‌ಗಳು ಎಷ್ಟೋ. ಜೀನಾ ಬರ್ಚ್ ತಮ್ಮ ಹೆಸರಿನ ಮೊದಲ ಆಲ್ಬಮ್ ತಂದದ್ದು 2023ರಲ್ಲಿ, ಅರವತ್ತು ದಾಟಿದ ಮೇಲೆ. ಬೇಸನ್ನು ಜೋರಾಗಿಯೇ ನುಡಿಸುತ್ತೇನೆ ಎಂದು ಸಾರುವ ಶೀರ್ಷಿಕೆ ಅದರದು. ಅದೇ ವರ್ಷ ಟೇಟ್ ಬ್ರಿಟನ್ ಕಲಾ ಗ್ಯಾಲರಿಯಲ್ಲಿ ಮಹಿಳಾ ಕಲಾವಿದರ ದೊಡ್ಡ ಪ್ರದರ್ಶನ ನಡೆದಾಗ ಅದರ ಭಿತ್ತಿಪತ್ರಕ್ಕೆ ಬಳಸಿದ್ದು ವಿದ್ಯಾರ್ಥಿ ದಿನಗಳಲ್ಲಿ ಜೀನಾ ಕಿರುಚುತ್ತ ತೆಗೆದುಕೊಂಡ ಚಲನಚಿತ್ರದ ಒಂದು ಫ್ರೇಮು.

ಕಿರುಚಾಟಕ್ಕೆ ನೇರ ಎದುರಿನದು ವೇಲ್ಸಿನ ಕಾರ್ಡಿಫ್ ನಗರದ ಯಂಗ್ ಮಾರ್ಬಲ್ ಜೈಂಟ್ಸ್. 1980ರ ‘ಕೊಲಾಸಲ್ ಯೂತ್’ ಒಂದೇ ಅವರ ಪೂರ್ಣ ಆಲ್ಬಮ್. ಡ್ರಮ್ಮರ್ ಇಲ್ಲ, ಶ್ರುತಿಪೆಟ್ಟಿಗೆಯ ಹಾಗೆ ಒಂದೇ ಸಮನೆ ಮಿಡಿಯುವ ಡ್ರಮ್ ಮಷಿನ್, ಇಬ್ಬರು ಅಣ್ಣತಮ್ಮಂದಿರ ಗಿಟಾರು ಮತ್ತು ಬೇಸು, ಅಲ್ಲಲ್ಲಿ ಆರ್ಗನ್. ಅದರ ಮೇಲೆ ಆಲಿಸನ್ ಸ್ಟ್ಯಾಟನ್ ಅವರ ದನಿ, ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ಗುನುಗಿದಷ್ಟು ಸಹಜ. ಹಾಡುಗಳನ್ನು ಬಹುಪಾಲು ಬರೆದವರು ಸ್ಟುವರ್ಟ್ ಮೊಕ್ಸಮ್. ಅವು ಈ ದನಿಯಲ್ಲದೆ ಬೇರೆ ದನಿಯಲ್ಲಿ ನಿಲ್ಲುವುದನ್ನು ನಾನು ಊಹಿಸಲಾರೆ. ಬರೆದವರ ಹೆಸರು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಕಳೆದುಹೋಗುವುದು ಏನು ಎಂದು ತಿಳಿಯಲು ಈ ಆಲ್ಬಮ್ ಕೇಳಬೇಕು.

ಅಟ್ಲಾಂಟಿಕ್ಕಿನ ಆಚೆ, ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸಿನಲ್ಲಿ, ಸ್ಕ್ರಾಗಿನ್ಸ್ ಮನೆಯ ಕಪ್ಪು ಅಕ್ಕತಂಗಿಯರಿಗೆ ತಾಯಿ ವಾದ್ಯ ಕೊಡಿಸಿದರು, ಮಕ್ಕಳು ಬೀದಿ ಪಾಲಾಗದಿರಲಿ ಎಂದು. ಹಾಗೆ ಹುಟ್ಟಿದ್ದು ಇಎಸ್‌ಜಿ. ಬೇಸು, ಡ್ರಮ್ಮು, ಕಾಂಗಾ, ದನಿ, ಬೇರೇನೂ ಬೇಡ. 1981ರಲ್ಲಿ ಬಂದ ಅವರ ‘ಯುಎಫ್‌ಒ’ ಎಂಬ ವಾದ್ಯರಚನೆಯ ತುಣುಕು ಹಿಪ್‌ಹಾಪ್ ಸಂಗೀತದಲ್ಲಿ ಅತಿ ಹೆಚ್ಚು ಎತ್ತಿಕೊಂಡ ತುಣುಕುಗಳಲ್ಲಿ ಒಂದು. ಅದನ್ನು ಬಳಸಿದವರು ದುಡ್ಡು ಮಾಡಿದರು, ಅಕ್ಕತಂಗಿಯರ ಕೈಗೆ ಬಂದದ್ದು ಅತ್ಯಲ್ಪ. ನಮ್ಮ ತುಣುಕಿಗೆ ನಮ್ಮ ಹೆಸರು ಹಾಕಿದ ಮಾತ್ರಕ್ಕೆ ಮನೆಯ ಬಿಲ್ಲು ಕಟ್ಟಲಾಗದು ಎಂಬ ಅರ್ಥದ ಶೀರ್ಷಿಕೆಯನ್ನೇ 1992ರ ತಮ್ಮ ಡಿಸ್ಕಿಗೆ ಇಟ್ಟರು. ಹೆಸರು ಬೇಕು, ಹೆಸರಿನ ಹಿಂದೆ ಪಾಲೂ ಬೇಕು ಎಂದು ಇಷ್ಟು ನೇರವಾಗಿ ಹೇಳಿದವರು ಅಪರೂಪ.

ದಕ್ಷಿಣದ ತುದಿಯಿಂದ

ನ್ಯೂಜಿಲೆಂಡಿನ ತೆಂಕಣ ತುದಿಯ ಡನೀಡಿನ್ ಚಿಕ್ಕ ವಿಶ್ವವಿದ್ಯಾಲಯದ ಊರು. 1981ರಲ್ಲಿ ಶುರುವಾದ ಫ್ಲೈಯಿಂಗ್ ನನ್ ಕಂಪನಿಯ ದೆಸೆಯಿಂದ ಅಲ್ಲಿಯ ಕ್ಲೀನ್, ಚಿಲ್ಸ್, ವರ್ಲೇನ್ಸ್ ತಂಡಗಳು ಜಗತ್ತಿಗೆ ಗೊತ್ತಾದವು. ‘ಡನೀಡಿನ್ ಸೌಂಡ್’ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಈ ಗಂಡಸರ ಹೆಸರುಗಳೇ. ಚಿಲ್ಸ್ ಮತ್ತು ವರ್ಲೇನ್ಸ್ ಎರಡರಲ್ಲೂ ಬೇಸ್ ನುಡಿಸಿದ ಜೇನ್ ಡಾಡ್ ಹೆಸರು ಬರುವುದು ಕಡಿಮೆ.

ಅದೇ ಊರಿನಲ್ಲಿ 1983ರಿಂದ 1987ರವರೆಗೆ ಐವರು ಹೆಂಗಸರ ಲುಕ್ ಬ್ಲೂ ಗೋ ಪರ್ಪಲ್ ಇತ್ತು. ಪೂರ್ಣ ಆಲ್ಬಮ್ ಒಂದೂ ಇಲ್ಲ. ಮೂರು ಕಿರುಡಿಸ್ಕುಗಳು ಮಾತ್ರ. ನಾನು ಮೊದಲು ಕೊಡುವುದು 1986ರ ‘ಕ್ಯಾಕ್ಟಸ್ ಕ್ಯಾಟ್’. ಗಿಟಾರುಗಳು ಹೆಣೆದುಕೊಂಡು ಹೊಳೆಯ ಹಾಗೆ ಓಡುತ್ತವೆ, ದನಿಗಳು ಒಂದರ ಮೇಲೊಂದು ಪದರ ಪದರವಾಗಿ ಕೂರುತ್ತವೆ. ಇವರ ಹಾಡುಗಳಲ್ಲಿ ನಾರ್ಮಾ ಓ’ಮ್ಯಾಲಿಯ ಕೊಳಲೂ ಕೇಳುತ್ತದೆ. ರಾಕ್ ಸಂಗೀತದಲ್ಲಿ ಕೊಳಲೆಂದರೆ ಸಾಮಾನ್ಯವಾಗಿ ಮೆರೆದಾಟ. ಇಲ್ಲಿ ಅದು ಗುಂಪಿನಲ್ಲಿ ಒಬ್ಬಳಾಗಿ ನಿಂತಿದೆ. ಅವರ ಇನ್ನೊಂದು ಹಾಡು ಗ್ರೀಕ್ ಮಹಾಕಾವ್ಯದ ಪೆನೆಲೊಪಿಯ ಬಗ್ಗೆ, ಗಂಡನಿಗಾಗಿ ಕಾಯುತ್ತ ನೇಯ್ದದ್ದನ್ನು ಬಿಚ್ಚುತ್ತ ಕೂತವಳ ಬಗ್ಗೆ. ಊರ್ಮಿಳೆಯ ನೆನಪಿರುವ ಓದುಗರಿಗೆ ಆ ವಸ್ತು ದೂರದ್ದಲ್ಲ. ಡ್ರಮ್ಮರ್ ಲೆಸ್ಲಿ ಪ್ಯಾರಿಸ್ ಮುಂದೆ ಫ್ಲೈಯಿಂಗ್ ನನ್ ಕಂಪನಿಯನ್ನೇ ನಡೆಸಿದರು. ಮೂರೂ ಕಿರುಡಿಸ್ಕುಗಳ ಹಾಡುಗಳು ಒಟ್ಟಾಗಿ ಮತ್ತೆ ಸಿಕ್ಕಿದ್ದು 2017ರಲ್ಲಿ.

ಸಮುದ್ರದ ಈಚೆ, ಆಸ್ಟ್ರೇಲಿಯಾದ ಬ್ರಿಸ್ಬೇನಿನ ಗೋ-ಬಿಟ್ವೀನ್ಸ್ ವಿಮರ್ಶಕರ ಮೆಚ್ಚಿನ ತಂಡ. ಎಲ್ಲರೂ ಹೊಗಳುವುದು ಹಾಡು ಬರೆದ ಇಬ್ಬರು ಗೆಳೆಯರನ್ನು, ರಾಬರ್ಟ್ ಫಾರ್ಸ್ಟರ್ ಮತ್ತು ಗ್ರ್ಯಾಂಟ್ ಮೆಕ್ಲೆನನ್ ಅವರನ್ನು. 1983ರ ‘ಕ್ಯಾಟ್ಲ್ ಆ್ಯಂಡ್ ಕೇನ್’ ಹಾಡಿಗೆ ತೊಡೆಯ ಮೇಲೆ ತಾಳ ಹಾಕಿ ನೋಡಿ. ನಾಲ್ಕು ನಾಲ್ಕರ ಲೆಕ್ಕ ಹಿಡಿದರೆ ಎರಡೇ ಸುತ್ತಿಗೆ ಕೈ ತಪ್ಪುತ್ತದೆ. ಹಾಗಿದ್ದೂ ಹಾಡು ಎಲ್ಲಿಯೂ ಎಡವುವುದಿಲ್ಲ, ಕಬ್ಬಿನ ಗದ್ದೆಯ ಪಕ್ಕ ರೈಲು ಸಾಗಿದಂತೆ ಸಾಗುತ್ತದೆ. ಹಾಗೆ ಸಾಗಿಸಿದ ಕೈ ಲಿಂಡಿ ಮಾರಿಸನ್ ಅವರದು. 1980ರಿಂದ 1989ರಲ್ಲಿ ತಂಡ ಒಡೆಯುವವರೆಗೆ ಅವರೇ ಡ್ರಮ್ಮರ್. ಗೆಳೆಯರಿಬ್ಬರು 2000ದಲ್ಲಿ ತಂಡವನ್ನು ಮತ್ತೆ ಕಟ್ಟಿದಾಗ ಲಿಂಡಿ ಅದರಲ್ಲಿ ಇರಲಿಲ್ಲ. ಚರಿತ್ರೆ ಇಬ್ಬರು ಗಂಡಸರ ಸ್ನೇಹದ ಕಥೆಯಾಗಿ ಗಟ್ಟಿಯಾಯಿತು.

ಅದನ್ನು ಒಡೆದು ನೋಡಿದವರು ಇನ್ನೊಬ್ಬ ಸಂಗೀತಗಾರ್ತಿ. ‘ಎವ್ರಿಥಿಂಗ್ ಬಟ್ ದ ಗರ್ಲ್’ ಜೋಡಿಯ ಟ್ರೇಸಿ ಥಾರ್ನ್ 1980ರ ದಶಕದಿಂದ ಲಿಂಡಿಯ ಗೆಳತಿ. 2021ರಲ್ಲಿ ‘ಮೈ ರಾಕ್ ಆ್ಯಂಡ್ ರೋಲ್ ಫ್ರೆಂಡ್’ ಎಂಬ ಇಡೀ ಪುಸ್ತಕವನ್ನು ಆ ಗೆಳತಿಗಾಗಿ ಬರೆದರು. ಒಬ್ಬಳ ಕೆಲಸ ಹೇಗೆ ಅಂಚಿಗೆ ಸರಿಯಿತು ಎಂದು ಒಂದೊಂದೇ ಎಳೆ ಬಿಡಿಸಿ ತೋರಿಸುವ ಪುಸ್ತಕ ಅದು. ಕೋಬೇನ್ ಪ್ರಸಂಗಕ್ಕಿಂತ ಇದು ನನ್ನ ಮನಸ್ಸಿಗೆ ಹತ್ತಿರ. ಇಲ್ಲಿ ನೆನಪು ಮಾಡಿಕೊಟ್ಟವರು ಜೊತೆಗೆ ನಡೆದವರು.

ಕೈಪತ್ರಿಕೆ, ಮನೆಯ ಟೇಪು, ಪಾಠ

1991ರ ಆಗಸ್ಟಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಊರಿನಲ್ಲಿ ಇಂಡಿ ತಂಡಗಳ ಸಮ್ಮೇಳನ ನಡೆಯಿತು. ಮೊದಲ ರಾತ್ರಿಯನ್ನು ಹೆಂಗಸರ ತಂಡಗಳಿಗೇ ಮೀಸಲಿಟ್ಟರು. ‘ರಯಟ್ ಗರ್ಲ್’ ಚಳವಳಿ ಮೈದುಂಬಿದ ಕಾಲ ಅದು. ಬಿಕಿನಿ ಕಿಲ್ ತಂಡದ ಕ್ಯಾಥ್ಲೀನ್ ಹ್ಯಾನಾ ಹುಡುಗಿಯರನ್ನು ವೇದಿಕೆಯ ಮುಂದಕ್ಕೆ ಕರೆಯುತ್ತಿದ್ದರು. ನೂಕುನುಗ್ಗಲಿಗೆ ಹೆದರಿ ಗೋಡೆ ಹಿಡಿದು ನಿಲ್ಲುತ್ತಿದ್ದವರಿಗೆ ಅದು ದೊಡ್ಡ ಮಾತು. ಹ್ಯಾನಾ ಹೆಸರು ಇಂದು ಎಲ್ಲರಿಗೂ ಗೊತ್ತು. ಅದೇ ತಂಡದ ಡ್ರಮ್ಮರ್ ಟೋಬಿ ವೇಲ್ ಅವರನ್ನೂ ನೆನೆಯಬೇಕು. ಅವರ ‘ಜಿಗ್‌ಸಾ’ ಕೈಪತ್ರಿಕೆ ಚಳವಳಿಯ ಮಾತನ್ನು ಹದಗೊಳಿಸಿದ ಜಾಗಗಳಲ್ಲಿ ಒಂದು. ಜೆರಾಕ್ಸ್ ಮಾಡಿ ಸ್ಟೇಪಲ್ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದ ಆ ಹಾಳೆಗಳಲ್ಲಿ ಎಷ್ಟೋ ಇಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫೇಲ್ಸ್ ಗ್ರಂಥಾಲಯದಲ್ಲಿವೆ. ತಮ್ಮ ಬಗ್ಗೆ ತಾವೇ ಬರೆದಿಟ್ಟುಕೊಂಡದ್ದರಿಂದ ಇವರ ಹೆಸರುಗಳು ಉಳಿದವು.

ಆ ಗುಂಪಿಗೆ ಸೇರದೆ ಒಂಟಿಯಾಗಿ ಕೆಲಸ ಮಾಡಿದವರ ಪಾಡು ಬೇರೆ. ಬಾಲ್ಟಿಮೋರಿನ ಲಿಂಡಾ ಸ್ಮಿತ್ ನಾಲ್ಕು ಪಟ್ಟಿಯ ಕ್ಯಾಸೆಟ್ ರೆಕಾರ್ಡರಿನಲ್ಲಿ ಮನೆಯಲ್ಲೇ ಹಾಡು ಕಟ್ಟಿದರು. ಆ ಯಂತ್ರ ಮಾಮೂಲಿ ಕ್ಯಾಸೆಟ್ಟಿನ ಟೇಪನ್ನೇ ನಾಲ್ಕಾಗಿ ಸೀಳುತ್ತದೆ: ಒಂದರಲ್ಲಿ ಡ್ರಮ್ ಮಷಿನ್, ಒಂದರಲ್ಲಿ ಗಿಟಾರು, ಉಳಿದದ್ದರಲ್ಲಿ ಕೀಬೋರ್ಡು ಮತ್ತು ದನಿ. ಸ್ಟುಡಿಯೊ ಬಾಡಿಗೆ ಇಲ್ಲ, ಗಾಜಿನ ಆಚೆ ಕೂತು ಅಪ್ಪಣೆ ಕೊಡುವವರಿಲ್ಲ. ಹಾಗೆ ಮಾಡಿದ ಕ್ಯಾಸೆಟ್ಟುಗಳು ಅಂಚೆಯಲ್ಲಿ ಕೆಲವೇ ಕೈಗಳನ್ನು ಮುಟ್ಟಿದವು. 1988ರಿಂದ 1996ರವರೆಗಿನ ಹಾಡುಗಳ ಸಂಕಲನ 2021ರಲ್ಲಿ ಹೊರಬಂತು. ಕೇಳುವಾಗ ಟೇಪಿನ ಸೂಸೂ ಸದ್ದು ಹಾಡಿನ ಜೊತೆ ಉಸಿರಾಡುತ್ತದೆ. ಹೆಡ್‌ಫೋನ್ ಹಾಕಿಕೊಂಡು, ಮನೆಯವರೆಲ್ಲ ಮಲಗಿದ ಮೇಲೆ ಕೇಳಿ. ಅದು ಹುಟ್ಟಿದ ಹೊತ್ತೂ ಅಂಥದ್ದೇ ಇರಬೇಕು ಅನ್ನಿಸುತ್ತದೆ.

ಗಾಯಕಿ ನೀನಾ ನಾಸ್ತಾಸಿಯಾ ಅವರ ‘ಡಾಗ್ಸ್’ ಆಲ್ಬಮ್ ಬಂದದ್ದು 2000ದಲ್ಲಿ. ಧ್ವನಿಮುದ್ರಿಸಿದವರು ಷಿಕಾಗೋದ ಸ್ಟೀವ್ ಅಲ್ಬಿನಿ. ಬಿಬಿಸಿಯ ಜಾನ್ ಪೀಲ್ ರೇಡಿಯೊದಲ್ಲಿ ಅದನ್ನು ಮನಸಾರೆ ಮೆಚ್ಚಿ ಹಾಕುತ್ತಿದ್ದರು. ಹಾಗಿದ್ದೂ ನೀನಾ ಹೆಸರು ಸಣ್ಣ ವಲಯ ದಾಟಲಿಲ್ಲ. ಚಿಕ್ಕ ಚಿಕ್ಕ ಹಾಡುಗಳು, ಕೆಲವು ಎರಡು ನಿಮಿಷಕ್ಕೆ ಮುಗಿಯುತ್ತವೆ. ಗಿಟಾರಿನ ಪಕ್ಕದಲ್ಲಿ ತಂತಿವಾದ್ಯಗಳು ಇದ್ದಕ್ಕಿದ್ದಂತೆ ಕಪ್ಪುಮೋಡದ ಹಾಗೆ ಕವಿದು ಹೊರಟುಹೋಗುತ್ತವೆ. 2010ರ ನಂತರ ಅವರು ಮೌನವಾದರು. ಸಂಗಾತಿಯ ಸಾವಿನ ಆಮೇಲೆ, 2022ರಲ್ಲಿ, ಒಂದು ಗಿಟಾರು ಮತ್ತು ಒಂದು ದನಿ ಮಾತ್ರ ಇರುವ ‘ರೈಡರ್‌ಲೆಸ್ ಹಾರ್ಸ್’ ತಂದರು. ದುಃಖವನ್ನು ಅಲಂಕರಿಸದೆ ಹಾಡುವುದು ಎಷ್ಟು ಕಷ್ಟ ಎಂದು ಬಲ್ಲವರು ಅದನ್ನು ಒಮ್ಮೆಯಾದರೂ ಕೇಳಬೇಕು.

ನನ್ನ ಪಟ್ಟಿಯ ತುದಿಯಲ್ಲಿ ಇರುವವರು ವಾಷಿಂಗ್ಟನ್ ನಗರದ ಮೇರಿ ಟಿಮೊನಿ. 1990ರ ದಶಕದಲ್ಲಿ ಹೀಲಿಯಂ ತಂಡದಲ್ಲಿ ಹಾಡಿ ನುಡಿಸಿದವರು. 1995ರ ‘ದ ಡರ್ಟ್ ಆಫ್ ಲಕ್’ ಕೇಳಿದರೆ ಗಿಟಾರು ಕೆಸರಿನಲ್ಲಿ ಕಾಲು ಎಳೆಯುತ್ತ ನಡೆದಂತಿರುತ್ತದೆ. ಮಾಮೂಲಿ ಶ್ರುತಿಯನ್ನು ಬಿಟ್ಟು ತಂತಿಗಳನ್ನು ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುತ್ತಾರೆ. ಆದ್ದರಿಂದ ಸ್ವರಗಳು ನಾವು ಕಾಯುವ ಜಾಗದಲ್ಲಿ ಬಂದು ನಿಲ್ಲದೆ ಅದರ ಪಕ್ಕದ ಮನೆಯ ಕದ ತಟ್ಟುತ್ತವೆ. ಗಿಟಾರಿನ ಮಹಾರಥರ ಪಟ್ಟಿ ಮಾಡುವವರು ಇವರನ್ನು ಎಷ್ಟೋ ಸಲ ಬಿಟ್ಟಿದ್ದಾರೆ.

ಅವರು ಗಿಟಾರು ಪಾಠ ಹೇಳುತ್ತಿದ್ದರು. ಪಾಠಕ್ಕೆ ಬಂದ ಹುಡುಗಿಯರಲ್ಲಿ ಒಬ್ಬಳು ಲಿಂಡ್ಸಿ ಜೋರ್ಡನ್. ಸ್ನೇಲ್ ಮೇಲ್ ಎಂಬ ಹೆಸರಿನಲ್ಲಿ 2018ರಲ್ಲಿ ಆಕೆ ತಂದ ‘ಲಶ್’ ಆ ವರ್ಷದ ಮೆಚ್ಚಿನ ಇಂಡಿ ಆಲ್ಬಮ್ಮುಗಳಲ್ಲಿ ಒಂದಾಯಿತು. ಗುರುವಿನ ಹೆಸರು ಕೇಳಿ ಶಿಷ್ಯರ ಅಂತಸ್ತು ಅಳೆಯುವ ನಾಡಿನವರು ನಾವು. ಇಲ್ಲಿ ಶಿಷ್ಯೆಯ ಹೆಸರು ಗುರುವಿನ ಕಡೆಗೆ ದಾರಿ ತೋರಿಸಿತು. ಪೋರ್ಟ್‌ಲ್ಯಾಂಡಿನಲ್ಲಿ 2001ರಲ್ಲಿ ಹುಡುಗಿಯರಿಗಾಗಿ ಶುರುವಾದ ರಾಕ್ ಶಿಬಿರವೂ ಇಂಥದೇ ಕೆಲಸ ಮಾಡಿತು, ಬೇರೆ ಊರುಗಳಲ್ಲಿ ಅದರ ಮಾದರಿ ಹಬ್ಬಿತು. ಎಂಟು ವರ್ಷದ ಹುಡುಗಿಗೆ ಡ್ರಮ್ ಕಡ್ಡಿ ಕೊಟ್ಟು ‘ಜೋರಾಗಿ ಹೊಡಿ’ ಅನ್ನುವವರು ಸಿಕ್ಕರೆ ಮರೆವಿಗೆ ಮದ್ದು ಅಲ್ಲಿಂದಲೇ ಶುರು.

ಇಂಗ್ಲೆಂಡಿನ ಬರ್ಮಿಂ‌ಗ್‌ಹ್ಯಾಮಿನ ಟ್ರಿಶ್ ಕೀನನ್ ಅವರನ್ನು ಬಿಟ್ಟು ಮುಂದೆ ಹೋಗಲಾರೆ. ಬ್ರಾಡ್‌ಕಾಸ್ಟ್ ತಂಡದಲ್ಲಿ ಹಳೆಯ ಸಿಂಥಸೈಜರುಗಳ ನಡುವೆ ನಿಂತು ಹಾಡಿದವರು. ‘ಹಾಹಾ ಸೌಂಡ್’ ಕೇಳಿದಾಗ ಲಾಲಿಹಾಡು ಒಂದು ಕಾರ್ಖಾನೆಯ ಮೂಲಕ ಹಾದು ಬಂದಂತೆ ನನಗೆ ಅನ್ನಿಸುತ್ತದೆ. 2011ರ ಜನವರಿಯಲ್ಲಿ, 42ನೇ ವಯಸ್ಸಿಗೆ, ನ್ಯುಮೋನಿಯಾದಿಂದ ತೀರಿಕೊಂಡರು. ಅವರು ಬಿಟ್ಟುಹೋದ ಕರಡು ಹಾಡುಗಳು 2024ರಲ್ಲಿ ಹೊರಬಂದವು. ಅರೆಬರೆ ಸಾಲುಗಳು, ಗುನುಗು, ಫಕ್ಕನೆ ನಿಂತುಹೋಗುವ ರಾಗ. ಕೇಳುತ್ತಿದ್ದರೆ ಒಬ್ಬಳ ಕೆಲಸದ ಮೇಜಿನ ಮುಂದೆ ಅವಳಿಲ್ಲದಾಗ ನಿಂತ ಹಾಗಿರುತ್ತದೆ.

ಪ್ರತ್ಯೇಕ ಪಟ್ಟಿ ಬೇಕೇ?

ಇಷ್ಟಾದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಹೆಣ್ಣು ಎಂಬ ಕಾರಣಕ್ಕೆ ಬೇರೆ ಪಟ್ಟಿ ಮಾಡಿದರೆ ಅದೇ ಹಳೆಯ ಖಾನೆಗೆ ಮತ್ತೆ ತಳ್ಳಿದಂತೆ ಆಗದೇ? ಸ್ಲೇಟರ್-ಕಿನ್ನಿ ತಂಡದ ಕ್ಯಾರಿ ಬ್ರೌನ್‌ಸ್ಟೀನ್ 2015ರ ಆತ್ಮಕಥೆಯಲ್ಲಿ, ಬ್ಯಾಂಡಿನಲ್ಲಿ ಹೆಣ್ಣಾಗಿ ಇರುವುದು ಹೇಗಿರುತ್ತದೆ ಎಂಬ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರಿಸಬೇಕಾಗಿ ಬಂದ ದಣಿವನ್ನು ಬರೆದಿದ್ದಾರೆ. ಅವರ ಮಾತು ನ್ಯಾಯವಾದದ್ದು. ತ್ರಿವೇಣಿಯವರ ಕಾಲದಿಂದ ನಮ್ಮ ಲೇಖಕಿಯರು ‘ಅಡುಗೆಮನೆ ಸಾಹಿತ್ಯ’ ಎಂಬ ಮಾತಿನ ಚುಚ್ಚು ತಿಂದದ್ದನ್ನು ಬಲ್ಲ ನಮಗೆ ಅದು ಚೆನ್ನಾಗಿ ತಿಳಿಯುತ್ತದೆ.

ಆದರೆ ಖಾನೆಯೇ ಬೇಡವೆಂದು ಸುಮ್ಮನಾದರೆ ಬಿದ್ದ ಹೆಸರು ತಾನಾಗಿ ಏಳುವುದಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಹದಿನೆಂಟನೇ ಶತಮಾನದ ತಂಜಾವೂರಿನ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಓದುತ್ತ ಒಂದು ಸಂಗತಿ ಕಂಡುಕೊಂಡರು: ಅಚ್ಚಾಗಿದ್ದ ಪ್ರತಿಯಲ್ಲಿ ಕವಯಿತ್ರಿ ತನ್ನ ವಂಶದ ಬಗ್ಗೆ ಹೇಳಿಕೊಂಡ ಪದ್ಯಗಳನ್ನೇ ತೆಗೆದುಹಾಕಿದ್ದರು. 1910ರಲ್ಲಿ ನಾಗರತ್ನಮ್ಮ ಅವನ್ನು ಸೇರಿಸಿ ಪೂರ್ಣ ಪಾಠ ತಂದರು. ಬ್ರಿಟಿಷ್ ಸರ್ಕಾರ ಪುಸ್ತಕ ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಒಬ್ಬಳು ಕಲಾವಿದೆ ಇನ್ನೊಬ್ಬಳ ಹೆಸರನ್ನು ಎತ್ತಿ ಹಿಡಿದದ್ದಕ್ಕೆ ಇಷ್ಟು ಬೆಲೆ ತೆರಬೇಕಾಯಿತು. ಲಿಂಡಿಗಾಗಿ ಟ್ರೇಸಿ ಮಾಡಿದ್ದೂ ಆ ವಂಶದ ಕೆಲಸವೇ ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ ಪಟ್ಟಿ ಇರಲಿ, ಆದರೆ ಅದನ್ನು ಮಾಡುವ ಕ್ರಮ ಬದಲಾಗಲಿ. ‘ಈ ತಂಡದಲ್ಲಿ ಒಬ್ಬಳು ಹುಡುಗಿಯೂ ಇದ್ದಾಳೆ’ ಎಂದು ಹೇಳುವುದನ್ನು ಬಿಡೋಣ. ಅವಳ ಹೆಸರೇನು, ನುಡಿಸುವುದು ಏನು, ಯಾವ ಹಾಡಿನ ಯಾವ ಜಾಗದಲ್ಲಿ ಅವಳ ಕೈ ಕೇಳುತ್ತದೆ ಎಂದು ಹೇಳೋಣ. ಲಿಂಡಿಯ ತಾಳ, ವಿಕಿಯ ಪಿಟೀಲು, ನಾರ್ಮಾಳ ಕೊಳಲು, ಜೋಸೆಫೀನಳ ಜಾರು. ಹಾಗೆ ಹೇಳಿದಾಗ ಹೆಣ್ಣು ಎಂಬ ಖಾನೆ ಹಿಂದೆ ಸರಿದು ಸಂಗೀತಗಾರ್ತಿ ಮುಂದೆ ಬರುತ್ತಾಳೆ. ಎರಡನೆಯದಾಗಿ, ಸಾಧ್ಯವಾದಾಗ ಮರುಮುದ್ರಣವಾದ ಡಿಸ್ಕನ್ನೋ ಫೈಲನ್ನೋ ದುಡ್ಡು ಕೊಟ್ಟು ಕೊಳ್ಳೋಣ. ಇಎಸ್‌ಜಿ ಅಕ್ಕತಂಗಿಯರು ಹೇಳಿದ ಬಿಲ್ಲಿನ ಮಾತು ಮರೆಯಬಾರದು.

ಹೋದ ವರ್ಷ ಅಕ್ಕನ ಮಗಳು ರಜೆಗೆ ಮನೆಗೆ ಬಂದಿದ್ದಳು. ಗಿಟಾರು ಕಲಿಯುತ್ತಿದ್ದಾಳೆ. ನಾನು ಉತ್ಸಾಹದಿಂದ ರೇನ್‌ಕೋಟ್ಸ್, ಹೀಲಿಯಂ ಎಲ್ಲ ಕೇಳಿಸಿದೆ. ಸಮಾಧಾನವಾಗಿ ಕೇಳಿದಳು. ಆಮೇಲೆ ‘ಚಿಕ್ಕಮ್ಮ, ಈಗ ನೀವು ಇದನ್ನ ಕೇಳಿ’ ಅಂತ ಫೋನು ನನ್ನ ಕಡೆ ತಿರುಗಿಸಿದಳು. ಲಂಡನ್ನಿನ ಬಿಗ್ ಜೋನಿ, ಕಪ್ಪು ಹೆಂಗಸರ ಮೂವರ ಪಂಕ್ ತಂಡ. ಡ್ರಮ್ಮರ್ ಕೂರದೆ ನಿಂತೇ ಬಾರಿಸುತ್ತಿದ್ದರು, ನೆಲಕ್ಕೆ ಒನಕೆ ಹಾಕಿದ ಹಾಗೆ. ಚೆನ್ನಾಗಿದೆ, ಯಾರಿವರು ಅಂದೆ.

‘ಹಾಡ್ತಿರೋದು, ಗಿಟಾರು ಎರಡೂ ಸ್ಟೆಫನಿ ಫಿಲಿಪ್ಸ್. ಬೇಸು ಎಸ್ಟೆಲಾ ಅಡೆಯೆರಿ. ನಿಂತು ಹೊಡೀತಿದಾರಲ್ಲ, ಅವರು ಶಾರ್ಡೀನ್ ಟೇಲರ್-ಸ್ಟೋನ್.’

ಫೋನಿನ ಕಡೆ ನೋಡದೆ ಹೇಳಿದಳು.